ಶಿಬಿರದಲ್ಲಿ, ತರಗತಿಯಲ್ಲಿ, ಮೈದಾನದಲ್ಲಿ ಪೂರ್ವಗ್ರಹ ಕರಗಿಸುವ ಬಗೆ

ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಏಳು ದಿನದ ಯುವ ಶಿಬಿರ ಎಂದಿಟ್ಟುಕೊಳ್ಳಿ. ಕಾರವಾರ, ಅಂಕೋಲಾ, ಶಿರಸಿ, ಹಳಿಯಾಳದಿಂದ ಹತ್ತು ಹತ್ತು ಮಕ್ಕಳು, ಒಟ್ಟು 40. ಮೊದಲ ರಾತ್ರಿ ಶಾಲೆಯ ಜಗಲಿಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಾಗ, ಯಾರಿಗೂ ಏನೂ ಹೇಳದೆ ಅಕ್ಕಪಕ್ಕದ ಜೋಡಿಗಳನ್ನು ಎಣಿಸಿ. 40 ಜನರ ಸಾಲಿನಲ್ಲಿ 39 ಜೋಡಿ ಇರುತ್ತವೆ. ಚೀಟಿ ಎತ್ತಿ ಕೂರಿಸಿದ್ದರೆ ಸರಾಸರಿ 30 ಜೋಡಿಗಳಲ್ಲಿ ಇಬ್ಬರೂ ಬೇರೆ ಬೇರೆ ತಾಲೂಕಿನವರಾಗಿರುತ್ತಿದ್ದರು. ತಾವಾಗಿ ಕೂತರೆ ಆ ಸಂಖ್ಯೆ ಎಷ್ಟೋ ಕೆಳಗಿರುತ್ತದೆ. ಬಸ್ಸಿನಿಂದ ಹೇಗೆ ಇಳಿದರೋ ಹಾಗೇ ಕೂತರೆ ಮೂರೇ ಮೂರು.

ಇದನ್ನೇ ಪೂರ್ವಗ್ರಹ ಎಂದು ಕರೆಯಬೇಡಿ. ಹೊಸ ಜಾಗದಲ್ಲಿ ಪರಿಚಯದವರ ಪಕ್ಕ ಕೂರುವುದು ಸಹಜ. ಆದರೆ ಏಳನೇ ರಾತ್ರಿಯೂ ಅದೇ ಸಂಖ್ಯೆ ಬಂದರೆ ನಿಮ್ಮ ಭಾಷಣ, ಪ್ರತಿಜ್ಞೆ, ಐಕ್ಯಗೀತೆ ಯಾವುದೂ ಮಕ್ಕಳ ನಡುವೆ ಇಳಿದಿಲ್ಲ ಎಂದರ್ಥ. ಈ ಕೈಪಿಡಿ ಶಿಕ್ಷಕರಿಗೆ, ಎನ್ಎಸ್ಎಸ್ ಅಧಿಕಾರಿಗಳಿಗೆ, ಯುವಕ ಮಂಡಳದವರಿಗೆ, ಕೆಲಸಕ್ಕೆ ಜನ ತೆಗೆದುಕೊಳ್ಳುವ ಸಂಘ-ಸೊಸೈಟಿಗಳಿಗೆ. ಇದರಲ್ಲಿ ಉಪದೇಶಕ್ಕಿಂತ ಏರ್ಪಾಟಿನ ವಿಚಾರವೇ ಹೆಚ್ಚು: ಯಾರನ್ನು ಯಾರ ಜೊತೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಕೂಡಿಸಬೇಕು ಎಂಬುದು. ಮನಸ್ಸು ಬದಲಾದ ಮೇಲೆ ಪಂಕ್ತಿ ಬದಲಾಗಲಿ ಎಂದು ಕಾದರೆ ತುಂಬ ಕಾಲ ಬೇಕು. ಪಂಕ್ತಿಯನ್ನು ಸರಿಯಾಗಿ ಬದಲಿಸಿದರೆ ಮನಸ್ಸು ಹಿಂದೆ ಬರುವುದನ್ನು ಹಲವು ದಶಕಗಳ ಅಧ್ಯಯನಗಳು ತೋರಿಸಿವೆ.

ಮೊದಲು ಮೂರನ್ನು ಬೇರೆ ಮಾಡಿ

'ಅವರು ಹಾಗೇ' ಎಂಬ ಸಿದ್ಧ ಚಿತ್ರ ಒಂದು. ಆ ಚಿತ್ರದ ಜೊತೆ ಬರುವ ಅಸಡ್ಡೆ, ಭಯ, ಅಸಹ್ಯ ಇನ್ನೊಂದು. ಅದರಿಂದ ಕೊಡುವ ಕೆಲಸ, ಹಾಕುವ ಅಂಕ, ಬಾಡಿಗೆ ಮನೆಯಲ್ಲಿ ಆಗುವ ವ್ಯತ್ಯಾಸ ಮೂರನೆಯದು. ಇವು ಅಚ್ಚು, ಪೂರ್ವಗ್ರಹ, ತಾರತಮ್ಯ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಸ್ಟೀರಿಯೋಟೈಪ್ ಎನ್ನುತ್ತಾರೆ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದನ್ನು ಈ ಅರ್ಥದಲ್ಲಿ ಬಳಕೆಗೆ ತಂದದ್ದು ಮುದ್ರಣಾಲಯದಿಂದ. ಒಮ್ಮೆ ಎರಕ ಹೊಯ್ದ ಪುಟದ ಅಚ್ಚು, ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು.

ಈ ಮೂರೂ ಯಾವಾಗಲೂ ಒಟ್ಟಿಗೇ ಇರುವುದಿಲ್ಲ. ಮನಸ್ಸಿನಲ್ಲಿ ದ್ವೇಷವೇ ಇಲ್ಲದ ಮೇಷ್ಟ್ರು ಅಂಕ ಹಾಕುವಾಗ ತಪ್ಪಬಹುದು. ಹಾಗಾಗಿ ಮದ್ದೂ ಬೇರೆ. ಅಚ್ಚಿಗೆ ಹೆಚ್ಚು ಉದಾಹರಣೆಗಳು ಬೇಕು, ಪೂರ್ವಗ್ರಹಕ್ಕೆ ಒಡನಾಟ ಬೇಕು, ತಾರತಮ್ಯಕ್ಕೆ ನಿಯಮ ಬೇಕು. ತಾರತಮ್ಯ ನಡೆಯುವಲ್ಲಿ ಬರೀ ಸ್ನೇಹಕೂಟ ಏರ್ಪಡಿಸುವುದು ಬಹಳ ಕಡೆ ಕಾಣುವ ತಪ್ಪು.

ಅಚ್ಚು ಹುಟ್ಟುವ ಬಗೆ ನಮ್ಮ ಅಡುಗೆಮನೆಯಲ್ಲೇ ಇದೆ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಅನ್ನಕ್ಕೆ ಅದು ಸರಿ, ಏಕೆಂದರೆ ಪಾತ್ರೆಯ ಅಷ್ಟೂ ಅಗುಳು ಒಂದೇ ನೀರಲ್ಲಿ, ಒಂದೇ ಬೆಂಕಿಯ ಮೇಲೆ ಬೆಂದದ್ದು. ಒಂದು ಸಮುದಾಯದ ಜನ ಹಾಗೆ ಬೆಂದವರಲ್ಲ. ಆದರೂ ಒಬ್ಬನನ್ನು ಹಿಸುಕಿ ಎಲ್ಲರ ಬಗ್ಗೆ ತೀರ್ಮಾನಿಸುವ ಅಭ್ಯಾಸ ಕೈಬಿಡುವುದಿಲ್ಲ. ಅದು ಹೇಗೆ ಮೋಸ ಮಾಡುತ್ತದೆ ಎಂದು ತೋರಿಸಲು ಮುಂದಿನ ಪ್ರಯೋಗ ಮಾಡಿ.

39 ಚೀಟಿಗಳ ಪ್ರಯೋಗ

ಇದು ಮನಃಶಾಸ್ತ್ರಜ್ಞರಾದ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗದ ಸರಳ ರೂಪ. ಅರ್ಧ ಗಂಟೆ ಸಾಕು, ಖರ್ಚಿಲ್ಲ.

39 ಚೀಟಿ ಮಾಡಿ. 26 ಚೀಟಿಯಲ್ಲಿ 'ಕ ಗುಂಪು', 13ರಲ್ಲಿ 'ಖ ಗುಂಪು' ಎಂದು ಬರೆಯಿರಿ. ಪ್ರತಿಯೊಂದರಲ್ಲೂ ಒಬ್ಬ ವ್ಯಕ್ತಿ ಮಾಡಿದ ಒಂದೊಂದು ಕೆಲಸ ಇರಲಿ. 'ಕ' ಗುಂಪಿಗೆ 18 ಒಳ್ಳೆಯವು, 8 ಕೆಟ್ಟವು. 'ಖ' ಗುಂಪಿಗೆ 9 ಒಳ್ಳೆಯವು, 4 ಕೆಟ್ಟವು. 'ಪಕ್ಕದ ಮನೆಯ ಅಜ್ಜಿಗೆ ಸಂತೆಯಿಂದ ತರಕಾರಿ ತಂದುಕೊಟ್ಟ', 'ಎರವಲು ಪಡೆದ ಸೈಕಲ್ಲನ್ನು ಪಂಕ್ಚರ್ ಮಾಡಿ ಹೇಳದೆ ಇಟ್ಟುಹೋದ', ಈ ಮಟ್ಟದ ದಿನನಿತ್ಯದ ಸಂಗತಿಗಳಿರಲಿ. ಕೊಲೆ, ದರೋಡೆ ಬೇಡ. ಒಂದು ಘೋರ ಸಂಗತಿ ಉಳಿದ ಮೂವತ್ತೆಂಟನ್ನೂ ಮರೆಸಿಬಿಡುತ್ತದೆ.

ಚೀಟಿಗಳನ್ನು ಚೆನ್ನಾಗಿ ಕಲೆಸಿ. ಒಂದೊಂದನ್ನೇ ಗಟ್ಟಿಯಾಗಿ ಓದಿ, ಒಂದಕ್ಕೆ ಎಂಟು-ಹತ್ತು ಸೆಕೆಂಡು. ಯಾರೂ ಬರೆದುಕೊಳ್ಳಬಾರದು. ಮುಗಿದ ಮೇಲೆ ಹಾಳೆ ಕೊಟ್ಟು ಕೇಳಿ: ಕ ಗುಂಪಿನ 26 ಕೆಲಸಗಳಲ್ಲಿ ಕೆಟ್ಟವು ಎಷ್ಟು? ಖ ಗುಂಪಿನ 13ರಲ್ಲಿ ಎಷ್ಟು? ಯಾವ ಗುಂಪು ಹೆಚ್ಚು ಒಳ್ಳೆಯದು ಅನ್ನಿಸಿತು?

ಲೆಕ್ಕದ ಪ್ರಕಾರ ಎರಡೂ ಗುಂಪು ಒಂದೇ. 26ರಲ್ಲಿ 8, 13ರಲ್ಲಿ 4, ಎರಡೂ ಶೇ. 31ರ ಹತ್ತಿರ. ಆದರೆ ಸರಾಸರಿ ತೆಗೆದಾಗ ಖ ಗುಂಪಿನ ಕೆಟ್ಟ ಕೆಲಸಗಳನ್ನು ಇರುವುದಕ್ಕಿಂತ ಹೆಚ್ಚು ಎಂದು ಅಂದಾಜು ಮಾಡಿರುತ್ತಾರೆ. ಕಾರಣ ಇಷ್ಟು: ಖ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪಗಳು ಕೂಡಿದಾಗ ನೆನಪಿಗೆ ಗೂಟ ಹೊಡೆದಂತೆ ಕೂರುತ್ತವೆ. ಬಂದರಿನ ಓಣಿಯಲ್ಲಿ ಊರವರೇ ಹತ್ತು ಸಲ ಜಗಳ ಮಾಡಿದ್ದು ಮರೆತುಹೋಗುತ್ತದೆ. ಬೋಟಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದ ನಾಲ್ಕು ಜನರಲ್ಲಿ ಒಬ್ಬ ಜಗಳ ಮಾಡಿದ್ದು ವರ್ಷಗಟ್ಟಲೆ ಚಾಲ್ತಿಯಲ್ಲಿರುತ್ತದೆ. ದ್ವೇಷವಿಲ್ಲದವರ ತಲೆಯಲ್ಲೂ ಇದು ನಡೆಯುತ್ತದೆ. ಮಕ್ಕಳಿಗೆ ಇದನ್ನು ಹೇಳಿದಾಗ ತಪ್ಪಿತಸ್ಥರೆಂಬ ಭಾವ ಇಲ್ಲದೆ ಯೋಚಿಸುತ್ತಾರೆ, ಅದೇ ಈ ಪ್ರಯೋಗದ ಬೆಲೆ.

ಎಲ್ಲಿ ಕೆಡುತ್ತದೆ? ನಿಜವಾದ ಜಾತಿ, ಊರಿನ ಹೆಸರು ಬಳಸಿದರೆ ಕೆಟ್ಟಿತು. ಮೊದಲೇ ಇರುವ ಅಭಿಪ್ರಾಯ ಬೆರೆತು ಲೆಕ್ಕ ಹಾಳಾಗುವುದಲ್ಲದೆ ತರಗತಿಯಲ್ಲಿ ಕೂತ ಮಗುವಿಗೆ ನೋವಾಗುತ್ತದೆ. ಹತ್ತೇ ಮಕ್ಕಳಿದ್ದರೆ ಸರಾಸರಿಯಲ್ಲಿ ಪರಿಣಾಮ ಕಾಣದೇ ಹೋಗಬಹುದು. ಮೂವತ್ತಾದರೂ ಇರಲಿ. ಕಾಣದಿದ್ದರೆ ಕಂಡಂತೆ ನಟಿಸಬೇಡಿ.

1968ರಲ್ಲಿ ಅಮೆರಿಕದ ಶಿಕ್ಷಕಿ ಜೇನ್ ಎಲಿಯಟ್ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು-ಕೀಳು ಮಾಡಿ ಕೂರಿಸಿದ ಪ್ರಯೋಗ ಈಗಲೂ ಕೆಲವರಿಗೆ ಇಷ್ಟ. ಅದನ್ನು ಶಿಬಿರದಲ್ಲಿ ಮಾಡಬೇಡಿ. ಮನೆಯಲ್ಲೂ ಊರಲ್ಲೂ ನಿಜವಾದ ಅವಮಾನ ಉಂಡು ಬಂದ ಮಗುವಿಗೆ ಅದು ಆಟವಾಗುವುದಿಲ್ಲ.

ಯಾರೊಂದಿಗೆ ಯಾರು: ತಂಡ ಕಟ್ಟುವುದು

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮನಃಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಮತ್ತು ಸಂಗಡಿಗರು 14-15 ವರ್ಷದ 64 ಹುಡುಗರಿಗೆ ಪರದೆಯ ಮೇಲಿನ ಚುಕ್ಕಿಗಳ ಸಂಖ್ಯೆ ಅಂದಾಜು ಮಾಡಲು ಹೇಳಿ, ಆ ನೆಪದಲ್ಲಿ ಗುಂಪು ಮಾಡಿದರು. ಆ ಹುಡುಗರಿಗೆ ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದೂ ಗೊತ್ತಿರಲಿಲ್ಲ. ಆದರೂ ಹಣ ಹಂಚುವಾಗ ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. 1971ರಲ್ಲಿ ಪ್ರಕಟವಾದ ಈ ಕೆಲಸದಿಂದ ಸಂಘಟಕರು ಕಲಿಯಬೇಕಾದ್ದು ಒಂದೇ: ಶಿಬಿರದಲ್ಲಿ 'ಶಿರಸಿ ತಂಡ', 'ಕಾರವಾರ ತಂಡ', 'ಘಟ್ಟದ ಮೇಲಿನವರು', 'ಕೆಳಗಿನವರು' ಎಂದು ಕರೆದ ಕ್ಷಣಕ್ಕೇ ಇಲ್ಲದ ಗೋಡೆ ಏಳುತ್ತದೆ. ತಂಡಗಳಿಗೆ ಹೊಳೆಗಳ ಹೆಸರಿಡಿ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಪ್ರತಿ ಹೊಳೆಯಲ್ಲೂ ಎಲ್ಲ ತಾಲೂಕಿನವರಿರಲಿ.

ಬೆರೆಸುವಾಗ ಒಂದು ಎಚ್ಚರ. ಗುಂಪಿನಲ್ಲಿ ಒಂಟಿ ಮಾಡಬೇಡಿ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ನಾಲ್ಕು ಮಕ್ಕಳಿದ್ದರೆ ನಾಲ್ಕು ತಂಡಕ್ಕೆ ಒಬ್ಬೊಬ್ಬರನ್ನು ಹಂಚುವುದು ನೋಡಲು ನ್ಯಾಯವೆನಿಸುತ್ತದೆ. ಆದರೆ ಒಂಟಿಯಾದ ಮಗು ತನ್ನ ಸಮುದಾಯಕ್ಕೇ ಪ್ರತಿನಿಧಿಯಾಗಿಬಿಡುತ್ತದೆ. ಅದು ಸುಮ್ಮನಿದ್ದರೆ 'ಅವರೆಲ್ಲ ಸುಮ್ಮನಿರ್ತಾರೆ', ಜೋರಾದರೆ 'ಅವರೆಲ್ಲ ಜೋರು'. ಎರಡು ತಂಡಕ್ಕೆ ಇಬ್ಬಿಬ್ಬರಂತೆ ಹಾಕಿ. ನಾಲ್ಕನೇ ದಿನ ತಂಡಗಳನ್ನು ಮತ್ತೆ ಕಲೆಸಿದರೆ ಉಳಿದವರಿಗೂ ಒಡನಾಟ ಸಿಗುತ್ತದೆ.

ಈ ಪಟ್ಟಿ ಹಿಂದಿನ ರಾತ್ರಿಯೇ ನಿಮ್ಮ ಜೇಬಿನಲ್ಲಿ ತಯಾರಿರಬೇಕು. ಎಲ್ಲರೆದುರು 'ನೀನು ಯಾರ ಪೈಕಿ' ಎಂದು ಕೇಳಿ ಹಂಚುವುದು ವಿಷ. ಎಷ್ಟು ವಿಷ ಎನ್ನುವುದಕ್ಕೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯಲ್ಲಿ ನಡೆಸಿದ ಅಧ್ಯಯನ ನೋಡಿ. ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರು, ಆರು-ಏಳನೇ ತರಗತಿ. ಕಾಗದದ ಮೇಲಿನ ಚಕ್ರವ್ಯೂಹಗಳಿಗೆ ದಾರಿ ಬಿಡಿಸುವ ಕೆಲಸ, ಬಿಡಿಸಿದಷ್ಟಕ್ಕೂ ದುಡ್ಡು. ಜಾತಿ ಹೇಳದಿದ್ದಾಗ ಎರಡೂ ಕಡೆಯವರು ಸಮಸಮ. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಸಂಖ್ಯೆ ಗಣನೀಯವಾಗಿ ಕುಸಿಯಿತು. ಬುದ್ಧಿ ಅದೇ, ಕಾಗದ ಅದೇ, ಓದಿದ ಒಂದು ಸಾಲು ಮಾತ್ರ ಹೆಚ್ಚು.

ಇದನ್ನು ಓದಿದ ಮೇಲೆ ಒಂದು ಕೆಲಸ ಇವತ್ತೇ ನಿಲ್ಲಿಸಬಹುದು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ನಿಂತು ಓದುವುದು, 'ಇವರೆಲ್ಲ ಎದ್ದು ನಿಲ್ಲಿ' ಎನ್ನುವುದು. ಅದರ ಬದಲು ಕಚೇರಿಗೆ ಒಬ್ಬೊಬ್ಬರನ್ನೇ ಕರೆಸಿ, ಇಲ್ಲವೇ ಮನೆಗೆ ಚೀಟಿ ಕಳಿಸಿ. ಪರೀಕ್ಷೆಯ ದಿನ ಬೆಳಿಗ್ಗೆಯಂತೂ ಖಂಡಿತ ಬೇಡ.

ಒಡನಾಟ ಎಂದರೆ ಬರೀ ಹತ್ತಿರ ಇರುವುದಲ್ಲ

ಅಡಿಕೆ ತೋಟದ ಮನೆಗಳನ್ನು ನೆನೆಯಿರಿ. ಅಡಿಕೆ ಗೊನೆ ಕೊಯ್ಯುವವರು, ಅಡಿಕೆ ಸುಲಿಯುವವರು ಮೂವತ್ತು ವರ್ಷದಿಂದ ಅದೇ ಅಂಗಳಕ್ಕೆ ಬರುತ್ತಾರೆ. ಎರಡೂ ಕಡೆಯವರಿಗೆ ಪರಸ್ಪರರ ಮಕ್ಕಳ ಹೆಸರು, ಕಾಯಿಲೆ, ಸಾಲ ಎಲ್ಲ ಗೊತ್ತು, ಪ್ರೀತಿಯೂ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಚಹದ ಲೋಟ ಬೇರೆ, ಕೂರುವ ಜಾಗ ಬೇರೆ. ಇಷ್ಟು ಹತ್ತಿರದ ಒಡನಾಟವೂ ಅಚ್ಚನ್ನು ಒಡೆಯಲಿಲ್ಲ, ಏಕೆಂದರೆ ಅದು ಸಮಾನರ ಒಡನಾಟವಾಗಿರಲಿಲ್ಲ.

1954ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ ಹೇಳಿದ ನಾಲ್ಕು ಷರತ್ತುಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆ: ಆ ಹೊತ್ತಿನ ಮಟ್ಟಿಗಾದರೂ ಸಮಾನ ಸ್ಥಾನ, ಎಲ್ಲರದೂ ಒಂದೇ ಗುರಿ, ಪರಸ್ಪರ ನೆರವಿಲ್ಲದೆ ಮುಗಿಯದ ಕೆಲಸ, ಮೇಲಿನವರ ಬಹಿರಂಗ ಬೆಂಬಲ. ಪೆಟಿಗ್ರೂ ಮತ್ತು ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಒಡನಾಟ ಹೆಚ್ಚಿದಲ್ಲಿ ಪೂರ್ವಗ್ರಹ ಕಡಿಮೆ ಎಂಬುದು ಗಟ್ಟಿಯಾಯಿತು. ನಾಲ್ಕೂ ಷರತ್ತು ಕಡ್ಡಾಯವಲ್ಲ, ಆದರೆ ಅವು ಇದ್ದ ಕಡೆ ಫಲ ಹೆಚ್ಚು.

ಬರೀ ಒಟ್ಟಿಗೆ ಊಟ, ಸಿನಿಮಾ ಸಾಲದು. ಮನಃಶಾಸ್ತ್ರಜ್ಞ ಮುಜಾಫರ್ ಶೆರಿಫ್ 1954ರಲ್ಲಿ ಅಮೆರಿಕದ ಒಕ್ಲಹಾಮಾದ ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟಾಗ ಹಗೆ ಬೆಳೆಯಿತು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು. ಶಿಬಿರಕ್ಕೆ ನೀರು ನಿಂತು, ಎಲ್ಲರೂ ಸೇರಿ ತೊಂದರೆ ಹುಡುಕಬೇಕಾಗಿ ಬಂದಾಗ, ಕೆಟ್ಟು ನಿಂತ ಲಾರಿಯನ್ನು ಒಂದೇ ಹಗ್ಗ ಹಿಡಿದು ಎಳೆಯಬೇಕಾದಾಗ ಹಗೆ ಇಳಿಯಿತು.

ನಮ್ಮ ಕಡೆ ಇಂಥ ಕೆಲಸಕ್ಕೆ ಹಳ್ಳಕ್ಕೆ ಮರಳಿನ ಚೀಲದ ಒಡ್ಡು ಹಾಕುವುದು ಹೇಳಿ ಮಾಡಿಸಿದ್ದು. ಮಳೆ ನಿಂತು ಹರಿವು ಇಳಿದ ನವೆಂಬರ್-ಡಿಸೆಂಬರ್ ಸರಿಯಾದ ಕಾಲ. 12 ಅಡಿ ಅಗಲದ ಹಳ್ಳಕ್ಕೆ 3 ಅಡಿ ಎತ್ತರದ ಒಡ್ಡಿಗೆ, ತಳದಲ್ಲಿ ಎರಡು ಸಾಲು, ಮೇಲೆ ಒಂದು ಸಾಲು ಇಟ್ಟರೆ, 100ರಿಂದ 120 ಖಾಲಿ ಸಿಮೆಂಟ್ ಚೀಲ ಬೇಕು. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮಕ್ಕಳಿಗೆ ಎತ್ತಲಾಗುವುದಿಲ್ಲ, ಚೀಲವೂ ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ. ಐದು ಕೆಲಸ ಇರುತ್ತದೆ: ತುಂಬುವುದು, ಬಾಯಿ ಕಟ್ಟುವುದು, ಸಾಲಾಗಿ ನಿಂತು ಕೈದಾಟಿಸುವುದು, ನೀರಲ್ಲಿ ಜೋಡಿಸುವುದು, ಲೆಕ್ಕ ಬರೆಯುವುದು.

ಇಲ್ಲೇ ನಿಮ್ಮ ಕಣ್ಣು ಚುರುಕಾಗಿರಬೇಕು. ಬಿಟ್ಟರೆ ಹತ್ತೇ ನಿಮಿಷದಲ್ಲಿ ಲೆಕ್ಕದ ಪುಸ್ತಕ ಹೆಗಡೆಯವರ ಹುಡುಗನ ಕೈಗೆ, ಭಾರದ ಚೀಲ ಸಿದ್ದಿ, ಹಾಲಕ್ಕಿ, ಗೌಳಿ ಹುಡುಗರ ಹೆಗಲಿಗೆ, ಚಹ ಹುಡುಗಿಯರ ಪಾಲಿಗೆ ಹೋಗಿರುತ್ತದೆ. ಯಾರೂ ಹೇಳಿರುವುದಿಲ್ಲ, ತಾನಾಗಿ ಆಗಿರುತ್ತದೆ. ಒಟ್ಟಿಗೆ ಕೆಲಸ ಮಾಡಿದಂತೆ ಕಂಡರೂ ಅಚ್ಚು ಇನ್ನಷ್ಟು ಗಟ್ಟಿಯಾಯಿತು. ಹಾಗಾಗಿ 20 ನಿಮಿಷಕ್ಕೊಮ್ಮೆ ಸೀಟಿ ಊದಿ, ಎಲ್ಲರೂ ಮುಂದಿನ ಕೆಲಸಕ್ಕೆ ಸರಿಯಲಿ. ಲೆಕ್ಕದ ಪುಸ್ತಕದಲ್ಲಿ ಕನಿಷ್ಠ ಐದು ಜನರ ಕೈಬರಹ ಇರಬೇಕು ಎಂದು ಮೊದಲೇ ಸಾರಿ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ.

ಊಟದ ಪಂಕ್ತಿ

ಉತ್ತರ ಕನ್ನಡದ ಶಿಬಿರದಲ್ಲಿ ಮೀನಿನ ಪ್ರಶ್ನೆ ಬಂದೇ ಬರುತ್ತದೆ. ಕರಾವಳಿಯ ಮಗುವಿಗೆ ಮೀನಿಲ್ಲದ ಏಳು ದಿನ ಉದ್ದ, ಇನ್ನೊಂದು ಮಗುವಿಗೆ ಅದರ ವಾಸನೆಯೇ ಹೊಸದು. ಸಸ್ಯಾಹಾರಿ ಪಂಕ್ತಿ, ಮಾಂಸಾಹಾರಿ ಪಂಕ್ತಿ ಎಂದು ಎರಡು ಮಾಡುವುದು ಸುಲಭ. ಅದರಿಂದ ಬೆಳಿಗ್ಗೆ ಮಾಡಿದ್ದೆಲ್ಲ ಮಧ್ಯಾಹ್ನ ನೀರಿಗೆ ಹೋಗುತ್ತದೆ, ಯಾಕೆಂದರೆ ನಮ್ಮಲ್ಲಿ ಪಂಕ್ತಿಭೇದ ಎಂಬ ಮಾತಿಗೆ ಊಟಕ್ಕಿಂತ ದೊಡ್ಡ ಅರ್ಥವಿದೆ.

ಒಂದೇ ಸಾಲು, ಚೀಟಿ ಪ್ರಕಾರ ಕೂರುವುದು. ಅನ್ನ, ಸಾರು, ಪಲ್ಯ ಎಲ್ಲರಿಗೂ ಒಂದೇ. ಮೀನನ್ನು ಬೇರೆ ಒಲೆ, ಬೇರೆ ಪಾತ್ರೆಯಲ್ಲಿ ಮಾಡಿ, ಕೊನೆಯಲ್ಲಿ ಬೇಕೆಂದವರ ಎಲೆಗೆ ಬಡಿಸಿ. ಪಕ್ಕದವರು ಬೇಡ ಎನ್ನಲಿ, ಎದ್ದು ಹೋಗಬೇಕಾಗಿಲ್ಲ. ಶಿಬಿರ ನಡೆಯುವ ಜಾಗದಲ್ಲಿ ಇದಕ್ಕೆ ಅವಕಾಶವಿಲ್ಲದಿದ್ದರೆ ವಾರಪೂರ್ತಿ ಎಲ್ಲರಿಗೂ ಸಸ್ಯಾಹಾರ ಮಾಡಿ, ಆದರೆ ಕಾರಣವನ್ನು ನೇರ ಹೇಳಿ: ಈ ಕಟ್ಟಡದ ನಿಯಮ ಇದು. 'ಶುದ್ಧ ಊಟ' ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಅದು ಬಂದರೆ ಮೀನು ತಿನ್ನುವ ಮಗುವಿನ ಮನೆ ಅಶುದ್ಧ ಎಂದಂತಾಯಿತು.

ಬಡಿಸುವ ಸರದಿ ತಂಡದ ಪ್ರಕಾರ. ಬಡಿಸುವವರ ಕೈ ನೋಡಿ ಯಾರಾದರೂ ಎಲೆ ಬಿಟ್ಟೆದ್ದರೆ ಅದು ಅಭಿರುಚಿಯ ವಿಚಾರವಲ್ಲ. ಮುಖ್ಯಸ್ಥರೇ ಆ ಕೈಯಿಂದ ಮೊದಲು ಬಡಿಸಿಕೊಂಡು ಉಣ್ಣಬೇಕು. ಆಲ್‌ಪೋರ್ಟ್ ಹೇಳಿದ 'ಮೇಲಿನವರ ಬೆಂಬಲ' ಕಾಣುವುದು ಇಂಥ ಕಡೆ. ಜಾತಿ ಹೆಸರು ಹಿಡಿದು ನಿಂದಿಸಿದರೆ, ಅಸ್ಪೃಶ್ಯತೆ ಆಚರಿಸಿದರೆ ಅದು ಮನಃಶಾಸ್ತ್ರದ ಪಾಠಕ್ಕೆ ಬಿಡುವ ಸಂಗತಿಯಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ, 1989ರ ಎಸ್‌ಸಿ-ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಇವೆ, 14566 ರಾಷ್ಟ್ರೀಯ ಸಹಾಯವಾಣಿ ಇದೆ. 'ಮಕ್ಕಳಾಟ' ಎಂದು ಮುಚ್ಚಿಡಬೇಡಿ.

ಜಿಗ್ಸಾ ಪಾಠ, ಎರಡು ಪಿರಿಯಡ್‌ನಲ್ಲಿ

1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ತರಗತಿಗೆ ಬಂದು ಜಗಳ ಹೆಚ್ಚಾದಾಗ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ ವಿಧಾನ ಇದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಪಕ್ಕದವನ ಮಾತು ಕೇಳದೆ ನನ್ನ ಪಾಠ ಪೂರ್ತಿಯಾಗದು.

ಕಾಳಿ ನದಿಯ ಪಾಠವನ್ನು 40 ಮಕ್ಕಳಿಗೆ ಹೀಗೆ ಮಾಡಬಹುದು. ಐದು ತುಂಡು: ಜೋಯಿಡಾದ ಡಿಗ್ಗಿಯಿಂದ ಕಾರವಾರದ ಕೋಡಿಬಾಗದವರೆಗಿನ 184 ಕಿ.ಮೀ. ಹರಿವು, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾದ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು, ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮತ್ತು ಮೀನುಗಾರಿಕೆ, ಮುಳುಗಡೆಯಿಂದ ಎದ್ದುಹೋದ ಊರುಗಳು.

1. ಐದೈದು ಜನರ ಎಂಟು ಮನೆ-ಗುಂಪು. ಪ್ರತಿಯೊಬ್ಬರಿಗೆ ಒಂದು ತುಂಡು, ಒಂದು ಪುಟ ಮೀರದಂತೆ. ಓದಲು 10 ನಿಮಿಷ.
2. ಒಂದೇ ತುಂಡು ಸಿಕ್ಕ ಎಂಟು ಜನ ಸೇರಿ, ನಾಲ್ಕು ನಾಲ್ಕಾಗಿ ಕೂತು, ಇದನ್ನು ಹೇಗೆ ವಿವರಿಸುವುದು ಎಂದು ತಯಾರಾಗಲಿ. 15 ನಿಮಿಷ.
3. ಮನೆ-ಗುಂಪಿಗೆ ವಾಪಸು. ಒಬ್ಬೊಬ್ಬರಿಗೆ 5 ನಿಮಿಷ, ಒಟ್ಟು 25.
4. ಐದೂ ತುಂಡಿನ ಮೇಲೆ 10 ನಿಮಿಷದ ಕಿರುಪರೀಕ್ಷೆ, ಒಬ್ಬೊಬ್ಬರೇ ಬರೆಯಬೇಕು.

ಒಟ್ಟು 60 ನಿಮಿಷ, ಜೋಡಿ ಪಿರಿಯಡ್ ಬೇಕು. ಎರಡನೇ ಹಂತವನ್ನು ಹಾರಿಸಿದರೆ ಇಡೀ ವಿಧಾನ ತಿರುಗಿಬೀಳುತ್ತದೆ. ಮನೆಯಲ್ಲಿ ಕೊಂಕಣಿ, ಮರಾಠಿ, ನವಾಯತಿ ಮಾತಾಡುವ ಮಗು ಗುಂಪಿನೆದುರು ಕನ್ನಡದಲ್ಲಿ ತಡವರಿಸಿದರೆ, ಉಳಿದವರಿಗೆ 'ಇವರಿಗೆ ಬರಲ್ಲ' ಎಂಬ ಅಚ್ಚಿಗೆ ಹೊಸ ಸಾಕ್ಷಿ ಸಿಕ್ಕಂತಾಗುತ್ತದೆ. ಹದಿನೈದು ನಿಮಿಷದ ತಾಲೀಮು ಇರುವುದು ಅದಕ್ಕೇ. ಒಂದೇ ಸಲ ಮಾಡಿ ಫಲ ಕೇಳಬೇಡಿ. ವಾರಕ್ಕೆರಡರಂತೆ ಆರು ವಾರ ನಡೆಸಿ.

ಮೈದಾನದಲ್ಲಿ

ಕರಾವಳಿಯಲ್ಲಿ 'ಸಮಾಜ ಬಾಂಧವರಿಗಾಗಿ' ಟೆನಿಸ್ ಬಾಲ್ ಟೂರ್ನಿಗಳು ಬಹಳ. ಸಮುದಾಯದವರು ಸೇರುವುದಕ್ಕೆ ಅದೂ ಇರಲಿ. ಆದರೆ ಊರು ಸೇರಿಸುವ ಉದ್ದೇಶಕ್ಕೆ ಸಮಾಜಕ್ಕೊಂದು ತಂಡ ಮಾಡಿ ಎದುರುಬದುರು ಆಡಿಸಿದರೆ ಫಲ ಸಿಗದು. ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ 1,261 ಯುವಕರ ಕ್ರಿಕೆಟ್ ಲೀಗ್ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ತಂಡದಲ್ಲಿ ಆಡಿದವರಲ್ಲಿ ಬೇರೆ ಜಾತಿಯವರ ಸ್ನೇಹ ಹೆಚ್ಚಿತು, ಸ್ವಜಾತಿಯವರನ್ನೇ ಎತ್ತಿಹಿಡಿಯುವುದು ಕಡಿಮೆಯಾಯಿತು. ಎದುರಾಳಿಗಳಾಗಿ ಮಾತ್ರ ಎದುರಾದವರಲ್ಲಿ ಆ ಲಾಭ ಕಾಣಲಿಲ್ಲ.

48 ಆಟಗಾರರಿದ್ದರೆ ಮೂರು ಡಬ್ಬಿ ಇಡಿ: ಚೆನ್ನಾಗಿ ಆಡುವ 12, ಸಾಧಾರಣ 24, ಹೊಸಬರು 12. ಚೀಟಿ ಎತ್ತಿ ಆರು ತಂಡಕ್ಕೆ ತಲಾ 2, 4, 2. ಆರು ಓವರಿನ ಪಂದ್ಯ, ಒಬ್ಬರಿಗೆ ಒಂದೇ ಓವರ್, ಆಗ ಎಂಟರಲ್ಲಿ ಆರು ಜನರಿಗೆ ಬೌಲಿಂಗ್ ಸಿಗುತ್ತದೆ. ನಾಯಕ ಪಂದ್ಯಕ್ಕೊಬ್ಬ. ಬ್ಯಾಟಿಂಗ್ ಸರದಿ ಮುಂದಿನ ಪಂದ್ಯಕ್ಕೆ ತಲೆಕೆಳಗು. ಇಷ್ಟು ಕಟ್ಟು ಹಾಕದಿದ್ದರೆ ಇಬ್ಬರು ಗೆಳೆಯರೇ ಆಡಿ, ಉಳಿದವರು ಬೌಂಡರಿಯಲ್ಲಿ ನಿಂತು ಚೆಂಡು ಹೆಕ್ಕುತ್ತಾರೆ.

ಮೊದಲ ಮಾತು

ಬೇರೆಯವರೊಡನೆ ಮಾತಾಡದಿರುವುದಕ್ಕೆ ಅಸಡ್ಡೆಗಿಂತ ಅಳುಕೇ ಕಾರಣವಾಗಿರುವುದು ಹೆಚ್ಚು. ತಪ್ಪು ಮಾತಾಡಿಬಿಟ್ಟೆನೋ ಎಂಬ ಭಯ. ಜೋಡಿ ಮಾಡಿ, ಪ್ರಶ್ನೆ ಕೊಟ್ಟು ಕೂರಿಸಿದರೆ ಅಳುಕು ಇಳಿಯುತ್ತದೆ. ಹಗುರ ಪ್ರಶ್ನೆಯಿಂದ ಆರಂಭಿಸಿ ಮೆಲ್ಲಗೆ ಆಳಕ್ಕೆ ಹೋಗಿ, 45 ನಿಮಿಷ. ಮೊದಲ ಪ್ರಶ್ನೆಗೆ 'ಮಳೆಗಾಲಕ್ಕೆ ನಿಮ್ಮ ಮನೇಲಿ ಏನೇನು ಕೂಡಿಡ್ತೀರಿ?' ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬಳು ಒಣಮೀನು, ಹುಣಸೆ ಎಂದರೆ ಇನ್ನೊಬ್ಬಳು ಹಲಸಿನ ಹಪ್ಪಳ, ದರಕು (ಒಣ ಎಲೆ), ಸೌದೆ ಎನ್ನುತ್ತಾಳೆ. ಮಳೆ ಇಬ್ಬರದೂ. ಕೊನೆಯ ಪ್ರಶ್ನೆ 'ನಿನಗೆ ಯಾವಾಗ ಒಂಟಿ ಅನ್ನಿಸಿತ್ತು?' ಎಂಬಷ್ಟು ಒಳಗಿನದಾಗಿರಬಹುದು. 'ನಿಮ್ಮಲ್ಲಿ ಹೀಗೆ ಮಾಡ್ತೀರಂತೆ, ಹೌದಾ?' ಎಂಬ ಪ್ರಶ್ನೆ ಮಾತ್ರ ಪಟ್ಟಿಯಲ್ಲಿ ಇರಕೂಡದು. ಅದು ಮಗುವನ್ನು ಸಮುದಾಯದ ವಕೀಲನನ್ನಾಗಿ ಮಾಡುತ್ತದೆ.

ಹಿರಿಯರು ಅಚ್ಚಿನ ಮಾತಾಡಿದಾಗ ಎದುರು ವಾದಿಸಿದರೆ ಅವರು ಇನ್ನಷ್ಟು ಬಿಗಿಯಾಗುತ್ತಾರೆ. ಒಬ್ಬ ವ್ಯಕ್ತಿಯತ್ತ ಮಾತು ತಿರುಗಿಸಿ: 'ಮಾವ, ಯಾರು ಹಾಗೆ ಮಾಡಿದ್ದು? ಅವರೊಬ್ಬರೇನಾ? ಅವರ ತಮ್ಮ ಹೇಗೆ?' ಹೆಸರು ಬಂದ ಕೂಡಲೇ 'ಅವರೆಲ್ಲ' ಎಂಬುದು ಸಡಿಲವಾಗುತ್ತದೆ.

ಮಾದರಿ ವ್ಯಕ್ತಿಗಳ ಪೋಸ್ಟರ್ ಬಗ್ಗೆ

ಅಂಕೋಲಾದ ಹಾಲಕ್ಕಿ ಸಮುದಾಯದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರಿಗೂ ಪದ್ಮಶ್ರೀ ಬಂದದ್ದು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು ಎಲ್ಲ ಮಕ್ಕಳಿಗೂ ಗೊತ್ತಿರಬೇಕು. ಆದರೆ ದೊಡ್ಡ ಹೆಸರು ಒಂದೇ ಇದ್ದರೆ ಮನಸ್ಸು 'ಅವರು ಬಿಡಿ, ಬೇರೆ ಥರ' ಎಂದು ಪಕ್ಕಕ್ಕಿಟ್ಟು ಅಚ್ಚನ್ನು ಉಳಿಸಿಕೊಳ್ಳುತ್ತದೆ. ವೆಬರ್ ಮತ್ತು ಕ್ರಾಕರ್ 1983ರಲ್ಲಿ ಕಂಡದ್ದು ಇದನ್ನೇ. ಅಚ್ಚಿಗೆ ಹೊಂದದ ಗುಣಗಳು ಹಲವರಲ್ಲಿ ಚದುರಿ ಕಂಡಾಗ ಅಚ್ಚು ಬದಲಾಯಿತು, ಕೆಲವರಲ್ಲೇ ತುಂಬಿದ್ದಾಗ ಅವರನ್ನು ಅಪವಾದ ಎಂದು ಬಿಟ್ಟರು. ಹಾಗಾಗಿ ಒಬ್ಬ ಪ್ರಶಸ್ತಿ ವಿಜೇತರ ಜೊತೆ ಅದೇ ಸಮುದಾಯದ ನರ್ಸ್, ಲೈನ್‌ಮನ್, ಕಂಡಕ್ಟರ್, ಲೆಕ್ಕಿಗ ಎಂಟು-ಹತ್ತು ಜನರನ್ನು ಕರೆಸಿ, ತಮ್ಮ ಕೆಲಸದ ಬಗ್ಗೆ ಮಾತಾಡಿಸಿ. ಜಾತಿಯ ಬಗ್ಗೆ ಮಾತಾಡಿಸಬೇಡಿ.

ಹೊಗಳಿಕೆಯ ಅಚ್ಚೂ ಅಚ್ಚೇ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆಯ್ದಾಗ ಕೆಲವರಿಗೆ ದಾರಿ ಸಿಕ್ಕಿತು. ಆದರೆ ಸಿದ್ದಿ ಎಂದರೆ ಓಟ ಎಂದೇ ನೋಡುವ ಶಿಕ್ಷಕರಿಗೆ ಗಣಿತ ಇಷ್ಟಪಡುವ ಸಿದ್ದಿ ಹುಡುಗಿ ಕಾಣಿಸುವುದಿಲ್ಲ.

ಅಂಕ ಮತ್ತು ಸಂದರ್ಶನ

ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರೇ ಅರ್ಧ ಜಾತಕ. ಹೆಗಡೆ, ಹರಿಕಂತ್ರ, ಗೌಡ, ಶೇಖ್, ಸಿದ್ದಿ. ನಾಯ್ಕ ಎಂದರೆ 'ಯಾವ ನಾಯ್ಕರು' ಎಂಬ ಮರುಪ್ರಶ್ನೆ ಬೇರೆ. ಸುಖದೇವ ಥೋರಾಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಅರ್ಹತೆಯ ಅರ್ಜಿಗಳಿಗೆ ಬೇರೆ ಬೇರೆ ಹೆಸರು ಹಾಕಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ದಲಿತ ಮತ್ತು ಮುಸ್ಲಿಂ ಹೆಸರಿನವಕ್ಕೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು.

ಆದ್ದರಿಂದ ಉತ್ತರಪತ್ರಿಕೆಯ ಹೆಸರಿನ ಭಾಗವನ್ನು ಮಡಚಿ ಪಿನ್ ಮಾಡಿಸಿ, ಹಿಂದೆ ಸಂಖ್ಯೆ ಬರೆಸಿ. ಒಬ್ಬರ ಪತ್ರಿಕೆ ಪೂರ್ತಿ ನೋಡುವ ಬದಲು ಎಲ್ಲರ ಮೊದಲ ಉತ್ತರ, ಆಮೇಲೆ ಎಲ್ಲರ ಎರಡನೆಯದು ಎಂದು ತಿದ್ದಿ. ಸಂದರ್ಶನದಲ್ಲಿ ಐದು ಪ್ರಶ್ನೆ, ಎಲ್ಲರಿಗೂ ಅವೇ, ಅದೇ ಕ್ರಮ. ಪ್ರತಿ ಉತ್ತರಕ್ಕೂ ಆಗಲೇ ಐದರಲ್ಲಿ ಎಷ್ಟು ಎಂದು ಸದಸ್ಯರು ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ಚರ್ಚೆ ಆಮೇಲೆ. 'ಯಾರ ಮನೆಯವ? ನಿಮ್ಮಪ್ಪ ಯಾರು?' ಎಂಬ ಆತ್ಮೀಯ ಮಾತು ಅಂಕ ಬರೆದು ಮುಗಿಯುವವರೆಗೆ ಬೇಡ. ಪ್ರೀತಿಯಿಂದಲೇ ಕೇಳಿದರೂ ತಕ್ಕಡಿ ಅಲ್ಲೇ ವಾಲುತ್ತದೆ.

ಮತ್ತೆ ಎಣಿಕೆ

ಏಳನೇ ರಾತ್ರಿ ಚೀಟಿ ಇಲ್ಲದೆ, ಬೇಕಾದಲ್ಲಿ ಕೂರಲು ಬಿಡಿ. 39 ಜೋಡಿ ಮತ್ತೆ ಎಣಿಸಿ. 30 ಬರುವುದು ಕಷ್ಟ. ಮೊದಲ ರಾತ್ರಿಯ ಮೂರು ನಾಲ್ಕು ಇದ್ದದ್ದು 15 ಆದರೂ ಕೆಲಸ ನಡೆದಿದೆ. ಜೊತೆಗೆ, ಮೊದಲ ದಿನ ಮತ್ತು ಕೊನೆಯ ದಿನ ಪ್ರತಿ ಮಗುವಿನಿಂದ 'ಮುಂದಿನ ಕೆಲಸಕ್ಕೆ ಯಾರು ಜೊತೆಗಿರಬೇಕು' ಎಂದು ಮೂರು ಹೆಸರು ಬರೆಸಿ. 120 ಹೆಸರಿನಲ್ಲಿ ಬೇರೆ ತಾಲೂಕಿನವು ಎಷ್ಟು ಎಂದು ಹೋಲಿಸಿ. ಯಾರ ಹೆಸರೂ ಬರದ ಮಗು ಇದ್ದರೆ ಅದು ನಿಮಗೆ ಮಾತ್ರ ಗೊತ್ತಿರಲಿ. ಲೆಕ್ಕ ಮುಗಿದ ಕೂಡಲೇ ಆ ಚೀಟಿಗಳನ್ನು ಒಲೆಗೆ ಹಾಕಿ.

ತಿಂಗಳೊಳಗೆ ಇನ್ನೊಮ್ಮೆ ಸೇರಿಸಿ, ಇಲ್ಲದಿದ್ದರೆ ಗಳಿಸಿದ್ದು ಕರಗುತ್ತದೆ. ಒಡ್ಡು ನೋಡಲು ಬನ್ನಿ ಎಂಬುದೇ ಒಳ್ಳೆಯ ನೆಪ. ಜನವರಿಯ ಹೊತ್ತಿಗೆ ಎಲ್ಲೋ ಒಂದೆರಡು ಚೀಲ ಜಾರಿ ನೀರು ಸೋರುತ್ತಿರುತ್ತದೆ. ಇಪ್ಪತ್ತು ಖಾಲಿ ಚೀಲ, ನಾಲ್ಕು ಸಲಿಕೆ ತೆಗೆದುಕೊಂಡು ಹೋಗಿ, ಹಳೆಯ ಹೊಳೆ-ತಂಡಗಳಲ್ಲೇ ಕೆಲಸ ಹಚ್ಚಿ.